ಕೆಂಪಕ್ಷರದ 6.8: ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಅದರ ಪ್ರೊಟೀನ್ ಗುರುತುಗಳು

ಕಳೆದ ಸೆಮಿಸ್ಟರಿನ ಇಂಟರ್ನಲ್ಸ್ ಶುರುವಾಗೋಕೆ ಎರಡು ದಿನ ಇದ್ದಾಗ ನಮ್ಮ ಹಾಸ್ಟೆಲ್ಲಿನ ಗೆಳೆಯನೊಬ್ಬನಿಗೆ ಅವನ ಅಪ್ಪ ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸಿದ್ರು. ಊರಿನ ಹತ್ತಿರದ ಪಟ್ಟಣದಲ್ಲಿ ಯಾವುದೋ ಲ್ಯಾಬಿನವರು ಹಬ್ಬದ ಆಫರ್ ಇಟ್ಟಿದ್ರಂತೆ, ‘ಫುಲ್ ಬಾಡಿ ಚೆಕಪ್’. ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್ ಎಲ್ಲ ಸರಿಯಿತ್ತು. ಕೊನೇ ಪುಟದಲ್ಲಿ ‘ಕ್ಯಾನ್ಸರ್ ಮಾರ್ಕರ್’ ಅನ್ನೋ ತಲೆಬರಹದ ಕೆಳಗೆ ಒಂದೇ ಸಾಲು: ಸಿಇಎ 6.8. ಪಕ್ಕದಲ್ಲಿ ಇರಬೇಕಾದ ಮಿತಿ, 5ಕ್ಕಿಂತ ಕಡಿಮೆ. ಆ ಅಂಕಿ ಮಾತ್ರ ಕೆಂಪಕ್ಷರದಲ್ಲಿತ್ತು. ಹಿಂದೆಯೇ ಫೋನ್ ಬಂತು. “ಏನ್ ಮಗ ಇದು, ಇದೊಂದ್ ಮಾತ್ರ ಕೆಂಪಗೆ ಬರೆದವ್ರೆ?”

ಆ ರೂಮಿನಲ್ಲಿ ಆಗ ಇದ್ದದ್ದು ನಾವು ನಾಲ್ಕು ಜನ: ಇಬ್ಬರು ಕಂಪ್ಯೂಟರ್ ಸೈನ್ಸ್, ಒಬ್ಬರು ಇ ಅಂಡ್ ಸಿ, ಒಬ್ಬರು ಬಯೋಟೆಕ್. ಮೊಬೈಲಿನಲ್ಲಿ ಹುಡುಕಿದಾಗ ಮೊದಲ ಸಾಲಿನಲ್ಲೇ ‘ದೊಡ್ಡ ಕರುಳಿನ ಕ್ಯಾನ್ಸರ್’ ಅಂತ ಬಂತು. ಗೆಳೆಯ ಅಲ್ಲೇ ಮಂಚದ ಮೇಲೆ ಕೂತುಬಿಟ್ಟ. ಆ ರಾತ್ರಿ ನಾವು ಓದಿದ್ದು ಇಂಟರ್ನಲ್ಸಿಗಲ್ಲ. ಆಮೇಲೆ ನಮ್ಮ ಬಯೋಟೆಕ್ ವಿಭಾಗದ ಮೇಡಂ ಹತ್ತಿರ ಹೋಗಿ ಕೇಳಿದ್ವಿ, ಲೈಬ್ರರಿಯಲ್ಲಿ ಕೂತು ಓದಿದ್ವಿ, ಸಂಘದ ಶನಿವಾರದ ಓದಿನಲ್ಲಿ ಎರಡು ವಾರ ಇದನ್ನೇ ಚರ್ಚೆ ಮಾಡಿದ್ವಿ. ಅದರ ಬರಹರೂಪ ಇದು. ನಾವು ಡಾಕ್ಟರುಗಳಲ್ಲ ಅನ್ನೋದನ್ನ ಮೊದಲೇ ಹೇಳಿಬಿಡ್ತೀವಿ. ಆದರೆ ಈ ಪಾಠದ ಅರ್ಧ ಭಾಗ ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ನಮ್ಮ ಸಿಲಬಸ್ಸಿಗೇ ಸೇರಿದ್ದು: ಸಿಗ್ನಲ್, ನಾಯ್ಸ್, ಸಂಭವನೀಯತೆ.

ಸಿಇಎ ಅಂದರೆ ಕಾರ್ಸಿನೋ ಎಂಬ್ರಿಯಾನಿಕ್ ಆಂಟಿಜೆನ್. ‘ಕಾರ್ಸಿನೋ’ ಕ್ಯಾನ್ಸರಿಗೆ, ‘ಎಂಬ್ರಿಯಾನಿಕ್’ ಭ್ರೂಣಕ್ಕೆ. ಈ ಹೆಸರು ಇಟ್ಟದ್ದು ಕೆನಡಾದ ಮಾಂಟ್ರಿಯಲ್ ನಗರದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್, 1965ರಲ್ಲಿ. ಅವರಿಗಿದ್ದ ಪ್ರಶ್ನೆ ಸರಳ: ಗಡ್ಡೆಯಲ್ಲಿ ಇರುವ, ಆರೋಗ್ಯವಂತ ಅಂಗಾಂಶದಲ್ಲಿ ಇಲ್ಲದ ಒಂದು ಪದಾರ್ಥ ಉಂಟೇ? ಕಷ್ಟ ಏನಪ್ಪಾ ಅಂದ್ರೆ ಒಬ್ಬನ ಗಡ್ಡೆಯನ್ನ ಇನ್ನೊಬ್ಬನ ಆರೋಗ್ಯವಂತ ಕರುಳಿಗೆ ಹೋಲಿಸಿದರೆ ಕಾಣುವ ವ್ಯತ್ಯಾಸ ಕ್ಯಾನ್ಸರಿನದೋ ಇಬ್ಬರು ಬೇರೆ ಬೇರೆ ಮನುಷ್ಯರಾಗಿರುವುದರದೋ ಹೇಳೋಕಾಗಲ್ಲ. ಅವರು ಕಂಡುಕೊಂಡ ಉಪಾಯ ಇ ಅಂಡ್ ಸಿಯವರಿಗೆ ತುಂಬಾ ಇಷ್ಟವಾಯ್ತು. ದೊಡ್ಡ ಕರುಳಿನ ಆಪರೇಷನ್ನಿನಲ್ಲಿ ಗಡ್ಡೆಯ ಜೊತೆ ಅದರಿಂದ ದೂರದ ಒಳ್ಳೆಯ ಭಾಗವನ್ನೂ ಒಂದಷ್ಟು ಕತ್ತರಿಸಿ ತೆಗೀತಾರೆ. ಹಾಗಾಗಿ ಒಬ್ಬರದೇ ಗಡ್ಡೆ, ಅವರದೇ ಒಳ್ಳೆಯ ಕರುಳು, ಎರಡೂ ಸಿಗುತ್ತೆ. ಗಡ್ಡೆಯ ಸಾರವನ್ನ ಮೊಲಗಳಿಗೆ ಚುಚ್ಚಿ ಪ್ರತಿಕಾಯಗಳನ್ನ ಪಡೆದು, ಅವುಗಳಲ್ಲಿ ಒಳ್ಳೆಯ ಕರುಳಿಗೂ ಅಂಟಿಕೊಳ್ಳುವಂಥವನ್ನ ಹೀರಿ ತೆಗೆದರೆ ಉಳಿಯೋದು ಗಡ್ಡೆಗೆ ಮಾತ್ರ ಅಂಟುವಂಥದ್ದು. ಡಿಫರೆನ್ಷಿಯಲ್ ಆಂಪ್ಲಿಫೈಯರಿನಲ್ಲಿ ಎರಡೂ ತುದಿಗೆ ಸಮಾನವಾದದ್ದು ಕಳೆದುಹೋಗಿ ವ್ಯತ್ಯಾಸ ಮಾತ್ರ ಹೊರಗೆ ಬರುತ್ತಲ್ಲ, ಹಾಗೇ. ಅದೇ ಪದಾರ್ಥ ಭ್ರೂಣದ ಕರುಳಿನಲ್ಲೂ ಸಿಕ್ಕಿತು. ಹಾಗೆ ಬಂತು ಆ ಜೋಡಿ ಹೆಸರು.

1969ರಲ್ಲಿ ಅದೇ ಗುಂಪು ರಕ್ತದಲ್ಲಿ ಸಿಇಎ ಅಳೆಯುವ ರೇಡಿಯೋ ಇಮ್ಯುನೋ ಅಸೇ ಪ್ರಕಟಿಸಿತು. ದೊಡ್ಡ ಕರುಳಿನ ಕ್ಯಾನ್ಸರಿದ್ದ 36 ಜನರಲ್ಲಿ 35 ಜನರ ರಕ್ತದಲ್ಲಿ ಸಿಇಎ ಹೆಚ್ಚಿತ್ತು. 36ಕ್ಕೆ 35! ಒಂದು ಸೂಜಿ, ಒಂದು ಟ್ಯೂಬು ರಕ್ತ, ಕ್ಯಾನ್ಸರ್ ಪತ್ತೆ. ನಮ್ಮ ಮೊದಲ ವಾರದ ಓದಿನಲ್ಲಿ ಈ ಸಾಲು ಬಂದಾಗ ಗೆಳೆಯನ ಮುಖ ಮತ್ತೆ ಸಪ್ಪಗಾಯ್ತು.

ಆದರೆ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಮಾಡ್ತಾ ಹೋದ ಹಾಗೆ ಆ ಹೊಳಪು ಉಳಿಯಲಿಲ್ಲ. ಗಡ್ಡೆ ಇರುವ ಎಷ್ಟೋ ಜನರಲ್ಲಿ ಸಿಇಎ ಏರಿರಲಿಲ್ಲ. ಗಡ್ಡೆಯೇ ಇಲ್ಲದವರಲ್ಲಿ ಏರಿತ್ತು: ಬೀಡಿ ಸಿಗರೇಟು ಸೇದುವವರು, ಲಿವರ್ ಕಾಯಿಲೆಯವರು, ಕರುಳಿನ ಉರಿಯೂತದವರು, ಮೇದೋಜೀರಕದ ಉರಿಯೂತದವರು. ಭ್ರೂಣದಲ್ಲಿ ಮಾತ್ರ ಇರೋದು ಅಂದುಕೊಂಡಿದ್ದ ಪ್ರೊಟೀನು ದೊಡ್ಡವರ ಆರೋಗ್ಯವಂತ ಕರುಳಿನಲ್ಲೂ ಇದೆ ಅಂತಲೂ ಗೊತ್ತಾಯ್ತು. 1978ರಲ್ಲಿ ರಾನ್ಸೋಹಾಫ್ ಮತ್ತು ಫೈನ್‌ಸ್ಟೀನ್ ಅನ್ನುವ ಇಬ್ಬರು ಇದೇ ಸಿಇಎ ಕತೆಯನ್ನ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಲೇಖನ ಬರೆದರು. ಅವರ ವಾದ: ಆ 36 ಜನ ಕಾಯಿಲೆ ಮುಂದುವರಿದಿದ್ದವರು. ಮುಂದುವರಿದ ರೋಗಿಗಳನ್ನೂ ಗಟ್ಟಿಮುಟ್ಟಾದವರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಯಾವ ಪರೀಕ್ಷೆಯೂ ಪಾಸಾಗುತ್ತೆ. ಪರೀಕ್ಷೆ ನಿಜವಾಗಿ ಎದುರಿಸಬೇಕಾದ್ದು ನಡುವಿನವರನ್ನ, ಅಂದರೆ ಸಣ್ಣ ಗಡ್ಡೆ ಇದ್ದೂ ಏನೂ ಅನ್ನಿಸದವರನ್ನ, ಹೊಟ್ಟೆನೋವಿದ್ದೂ ಗಡ್ಡೆ ಇಲ್ಲದವರನ್ನ. ಮೆಷಿನ್ ಲರ್ನಿಂಗ್ ಓದಿದವರಿಗೆ ಇದು ಹೊಸ ವಿಷಯವಲ್ಲ. ಸುಲಭದ ಡೇಟಾಸೆಟ್ಟಿನಲ್ಲಿ ಶೇ. 97 ತೋರಿಸಿ ಹೊರಗಡೆ ಸೋಲುವ ಮಾಡೆಲ್ಲನ್ನ ನಾವೇ ಮಿನಿ ಪ್ರಾಜೆಕ್ಟಿನಲ್ಲಿ ಮಾಡಿಟ್ಟಿದ್ದೀವಿ.

ಕಾಯಿಲೆ ಮುಂದುವರಿದ ಮೇಲೆಯೇ ಸಿಇಎ ಯಾಕೆ ಏರುತ್ತೆ? ಇದಕ್ಕೆ ಉತ್ತರ ಬೇಕಾದರೆ ಗಡ್ಡೆ ಹೇಗೆ ಬೆಳೆಯುತ್ತೆ ಅಂತ ನೋಡಬೇಕು.

ದೊಡ್ಡ ಕರುಳಿನ ಒಳಗೋಡೆಯ ತುಂಬ ಸಣ್ಣ ಸಣ್ಣ ಬಾವಿಯಂಥ ಕುಳಿಗಳಿವೆ. ಬಾವಿಯ ತಳದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತವೆ, ಗೋಡೆ ಹಿಡಿದು ಮೇಲೆ ಮೇಲೆ ಸರಿಯುತ್ತವೆ, ಬಾಯಿಗೆ ಬಂದು ಉದುರಿ ಹೋಗ್ತವೆ. ನಾಲ್ಕೈದು ದಿನಕ್ಕೊಮ್ಮೆ ಆ ಪದರ ಪೂರ್ತಿ ಹೊಸದಾಗುತ್ತೆ. ಹುಟ್ಟು ಮತ್ತು ಉದುರುವಿಕೆಯ ಲೆಕ್ಕ ಸರಿಹೋಗಿರುವವರೆಗೆ ತೊಂದರೆಯಿಲ್ಲ. ಲೆಕ್ಕ ತಪ್ಪಿದಾಗ ಗೋಡೆಯ ಮೇಲೆ ಅಣಬೆಯ ಹಾಗೆ ಒಂದು ಗಂಟು ಏಳುತ್ತೆ. ಅದು ಪಾಲಿಪ್. ಅದರಲ್ಲಿ ಅಡೆನೋಮ ಅನ್ನೋ ಜಾತಿಯದು ಮುಂದೆ ಕ್ಯಾನ್ಸರ್ ಆಗಬಲ್ಲದು. ಎಲ್ಲವೂ ಆಗಲ್ಲ, ಕೆಲವು ಮಾತ್ರ. ಅದಕ್ಕೂ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಇನ್ನೂ ಹೆಚ್ಚು ಬೇಕು.

ಈ ಪ್ರಯಾಣದ ನಕ್ಷೆಯನ್ನ 1990ರಲ್ಲಿ ಎರಿಕ್ ಫಿಯರಾನ್ ಮತ್ತು ಬರ್ಟ್ ವೋಗಲ್‌ಸ್ಟೀನ್ ಬರೆದರು. ಒಂದೇ ಹೊಡೆತಕ್ಕೆ ಕ್ಯಾನ್ಸರ್ ಹುಟ್ಟಲ್ಲ, ಒಂದರ ಮೇಲೊಂದು ಜೀನ್ ಕೆಡುತ್ತಾ ಬರುತ್ತೆ ಅನ್ನೋದು ಅದರ ಸಾರ. ಸಾಮಾನ್ಯವಾಗಿ ಮೊದಲು ಕೆಡೋದು ಎಪಿಸಿ. ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಹೆಚ್ಚೂಕಡಿಮೆ ಶೇ. 80ರಲ್ಲಿ ಇದು ಕೆಟ್ಟಿರುತ್ತೆ. ಎಪಿಸಿ ಪ್ರೊಟೀನಿನ ಕೆಲಸ ಬೀಟಾ ಕ್ಯಾಟೆನಿನ್ ಅನ್ನೋ ಇನ್ನೊಂದು ಪ್ರೊಟೀನನ್ನ ಹಿಡಿದು ಮುರಿಸಿ ಹಾಕಿಸೋದು. ಈ ಬೀಟಾ ಕ್ಯಾಟೆನಿನ್ನಿಗೆ ಎರಡು ಉದ್ಯೋಗ. ಜೀವಕೋಶದ ಅಂಚಿನಲ್ಲಿ ಇ-ಕ್ಯಾಡ್ಹೆರಿನ್ ಜೊತೆ ಸೇರಿ ಪಕ್ಕದ ಕೋಶವನ್ನ ಗಟ್ಟಿಯಾಗಿ ಹಿಡಿದುಕೊಳ್ಳೋದು ಒಂದು. ಕೋಶಕೇಂದ್ರದೊಳಗೆ ಹೋಗಿ ‘ಒಡೆದು ಎರಡಾಗು’ ಅನ್ನೋ ಜೀನುಗಳನ್ನ ಎಬ್ಬಿಸೋದು ಇನ್ನೊಂದು. ಎಪಿಸಿ ಕೆಟ್ಟರೆ ಮುರಿಯುವವರಿಲ್ಲ. ಬೀಟಾ ಕ್ಯಾಟೆನಿನ್ ಗುಡ್ಡೆಯಾಗಿ ಕೇಂದ್ರಕ್ಕೆ ನುಗ್ಗುತ್ತೆ. ಪ್ಯಾಥಾಲಜಿಸ್ಟು ಇದಕ್ಕೆ ಬಣ್ಣ ಹಾಕಿ ನೋಡಿದಾಗ ಒಳ್ಳೆಯ ಕರುಳಿನಲ್ಲಿ ಬಣ್ಣ ಕೋಶದ ಅಂಚಿನಲ್ಲಿ ಗೆರೆಯಂತೆ ಕಾಣುತ್ತೆ, ಗಡ್ಡೆಯಲ್ಲಿ ಕೇಂದ್ರದೊಳಗೆ ಕಾಣುತ್ತೆ. ಪ್ರೊಟೀನು ಅದೇ, ವಿಳಾಸ ಬೇರೆ. ಗಡ್ಡೆ ಸುತ್ತಲ ಅಂಗಾಂಶಕ್ಕೆ ನುಗ್ಗುತ್ತಿರುವ ಅಂಚಿನಲ್ಲಿ ಈ ವಿಳಾಸ ಬದಲಾವಣೆ ಇನ್ನೂ ಎದ್ದು ಕಾಣುತ್ತೆ. ಅಲ್ಲಿ ಇ-ಕ್ಯಾಡ್ಹೆರಿನ್ನಿನ ಹಿಡಿತವೂ ಸಡಿಲವಾಗಿರುತ್ತೆ.

ಆಮೇಲಿನದು ಕೆ-ರಾಸ್, ಸುಮಾರು ಶೇ. 40ರಲ್ಲಿ. ಇದು ಆನ್-ಆಫ್ ಸ್ವಿಚ್ಚು, ಕೆಟ್ಟರೆ ಆನ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಅಡೆನೋಮ ದೊಡ್ಡದಾಗುತ್ತೆ. ಕೊನೆಗೆ ಹೆಚ್ಚಾಗಿ ಪಿ53 ಹೋಗುತ್ತೆ. ಅಡೆನೋಮ ಗೋಡೆಯ ಆಳಕ್ಕೆ ಇಳಿಯುವ ಕ್ಯಾನ್ಸರಾಗುವ ಹೊತ್ತಿಗೆ ಇದು ಕೆಟ್ಟಿರುವುದೇ ಜಾಸ್ತಿ. ಪಿ53ದ ಬಗ್ಗೆ ಒಂದು ವಿಚಿತ್ರ ಇದೆ, ನಮಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡೀತು. ಪಿ53 ಕಾವಲುಗಾರ. ಡಿಎನ್ಎಗೆ ಪೆಟ್ಟು ಬಿದ್ದರೆ ಕೋಶವನ್ನ ತಡೆಯುತ್ತೆ, ಸರಿಯಾಗದಿದ್ದರೆ ಸಾಯಿಸುತ್ತೆ. ಹಾಗಾದರೆ ಬಣ್ಣ ಹಾಕಿದಾಗ ಪಿ53 ಜಾಸ್ತಿ ಕಂಡರೆ ಒಳ್ಳೇದು ತಾನೆ? ಉಲ್ಟಾ. ಸರಿಯಾಗಿರುವ ಪಿ53 ಹುಟ್ಟಿದ ಸ್ವಲ್ಪ ಹೊತ್ತಿಗೇ ಒಡೆದುಹೋಗುತ್ತೆ, ಹಾಗಾಗಿ ಆರೋಗ್ಯವಂತ ಕೋಶದಲ್ಲಿ ಕಾಣೋದೇ ಅಪರೂಪ. ಕೆಟ್ಟ ಪಿ53 ಒಡೆಯದೆ ತುಂಬಿಕೊಳ್ಳುತ್ತೆ. ಗಡ್ಡೆಯ ಕೋಶಗಳೆಲ್ಲ ಗಾಢವಾಗಿ ಬಣ್ಣ ಹಿಡಿದಿದ್ದರೆ ಕಾವಲುಗಾರ ಕೆಟ್ಟಿದ್ದಾನೆ ಅಂತಲೇ ಅರ್ಥ. ಬಣ್ಣವೇ ಹಿಡಿಯದಷ್ಟು ಪೂರ್ತಿ ಖಾಲಿಯಿದ್ದರೂ ಅನುಮಾನವೇ, ಯಾಕಂದ್ರೆ ಜೀನೇ ಮುರಿದುಹೋಗಿರಬಹುದು.

ಸರಿ, ಈ ನಕ್ಷೆಯಲ್ಲಿ ಸಿಇಎ ಎಲ್ಲಿ? ಎಲ್ಲೂ ಇಲ್ಲ. ಗಡ್ಡೆಯನ್ನ ಹುಟ್ಟಿಸುವವರ ಪಟ್ಟಿಯಲ್ಲಿ ಅದು ಬರಲ್ಲ. ಸಿಇಎ ಸಕ್ಕರೆ ಸರಪಳಿಗಳು ಅಂಟಿಕೊಂಡ ದೊಡ್ಡ ಪ್ರೊಟೀನು. ಒಳ್ಳೆಯ ಕರುಳಿನಲ್ಲಿ ಅದು ಕೋಶದ ಮೇಲ್ಭಾಗದಲ್ಲಿ, ಅಂದರೆ ಮಲ ಸಾಗುವ ಕೊಳವೆಯ ಕಡೆ ಮುಖ ಮಾಡಿ ಕೂತಿರುತ್ತೆ. ಕಳಚಿ ಬಿದ್ದರೆ ಕೊಳವೆಗೇ ಬಿದ್ದು ಮಲದ ಜೊತೆ ಹೋಗುತ್ತೆ, ರಕ್ತಕ್ಕೆ ಬರೋದು ಚೂರುಪಾರು. ಅದನ್ನೂ ಲಿವರ್ ತೆಗೆದುಹಾಕುತ್ತೆ. ಗಡ್ಡೆಯಲ್ಲಿ ಕೋಶಗಳಿಗೆ ಮೇಲ್ಯಾವುದು ಕೆಳಗ್ಯಾವುದು ಅನ್ನೋ ದಿಕ್ಕು ತಪ್ಪುತ್ತೆ. ಸಿಇಎ ಸುತ್ತಲೂ ಹರಡಿಕೊಳ್ಳುತ್ತೆ. ಗಡ್ಡೆ ಗೋಡೆ ಸೀಳಿ ರಕ್ತನಾಳದ ಹತ್ತಿರ ಹೋದಾಗ, ಲಿವರಿಗೇ ಹರಡಿದಾಗ, ರಕ್ತದಲ್ಲಿ ಅದರ ಪ್ರಮಾಣ ಏರುತ್ತೆ. ಮನೆಯ ಸಂಪಿನ ಗೋಡೆ ಬಿರುಕು ಬಿಟ್ಟ ಮೇಲೆ ತಾನೆ ಹೊರಗಿನ ಮಣ್ಣು ಒದ್ದೆಯಾಗೋದು? ಒದ್ದೆ ಮಣ್ಣು ಬಿರುಕಿಗೆ ಸಾಕ್ಷಿ. ಬಿರುಕು ಬಿಡುವ ಮೊದಲು ಅದನ್ನ ನೋಡಿ ಏನೂ ತಿಳಿಯಲ್ಲ.

ಲಂಡನ್ನಿನ ಕತ್ಬರ್ಟ್ ಡ್ಯೂಕ್ಸ್ 1932ರಲ್ಲಿ ಈ ಕ್ಯಾನ್ಸರಿಗೆ ಎ, ಬಿ, ಸಿ ಅಂತ ಹಂತಗಳನ್ನ ಮಾಡಿದ್ದರು. ದೂರಕ್ಕೆ ಹರಡಿದ್ದಕ್ಕೆ ಡಿ ಅನ್ನೋದು ಆಮೇಲೆ ಸೇರಿತು. ಸಿಇಎ 5ನ್ನ ದಾಟಿರುವವರು ಎ ಹಂತದಲ್ಲಿ ಶೇ. 3, ಬಿಯಲ್ಲಿ 25, ಸಿಯಲ್ಲಿ 45, ಡಿಯಲ್ಲಿ 65 ಅನ್ನೋದು ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಅಂಕಿ. ಇದನ್ನ ಬೋರ್ಡಿನ ಮೇಲೆ ಬರೆದಾಗ ಎಲ್ಲರೂ ಸುಮ್ಮನಾದ್ವಿ. ಗುಣಪಡಿಸೋಕೆ ಅತಿ ಸುಲಭವಾದ ಹಂತದಲ್ಲಿ ಈ ಪರೀಕ್ಷೆ ನೂರರಲ್ಲಿ ಮೂವರನ್ನ ಹಿಡಿಯುತ್ತೆ. ಇನ್ನು ಪಾಲಿಪ್ ಇದ್ದಾಗಂತೂ ಏನೂ ಹೇಳಲ್ಲ. ಕೆಂಪಕ್ಷರ ಬಂದವರಿಗೆ ಸುಮ್ಮನೆ ಹೆದರಿಕೆ ಅನ್ನೋದು ಒಂದು ಕಡೆಯಾದರೆ, 2.1 ಅಂತ ಕಪ್ಪಕ್ಷರ ಬಂದವರು ‘ನಂಗೇನಿಲ್ಲ ಬಿಡಿ’ ಅಂತ ಮಲದಲ್ಲಿ ರಕ್ತ ಹೋಗ್ತಿದ್ದರೂ ಮೂಲವ್ಯಾಧಿ ಅಂದುಕೊಂಡು ಕೂರೋದು ಇನ್ನೊಂದು ಕಡೆ. ನಮಗೆ ಎರಡನೆಯದೇ ಹೆಚ್ಚು ಭಯದ್ದು ಅನ್ನಿಸ್ತು.

ಈಗ ಲೆಕ್ಕ. ಏನೂ ತೊಂದರೆ ಹೇಳಿಕೊಳ್ಳದ 10,000 ಮಧ್ಯವಯಸ್ಕರು ಸಿಇಎ ಮಾಡಿಸಿದರು ಅನ್ನಿ. ಅವರಲ್ಲಿ 20 ಜನಕ್ಕೆ ನಿಜವಾಗಿ ಗಡ್ಡೆ ಇದೆ ಅಂತ ಇಟ್ಟುಕೊಳ್ಳೋಣ. ಪರೀಕ್ಷೆ ಉದಾರವಾಗಿ ಅರ್ಧ ಜನರನ್ನ ಹಿಡಿಯಿತು ಅನ್ನೋಣ, 10. ಗಡ್ಡೆ ಇಲ್ಲದ 9,980 ಜನರಲ್ಲಿ ನೂರಕ್ಕೆ ಹತ್ತು ಜನಕ್ಕೆ ತಪ್ಪಾಗಿ ಕೆಂಪಕ್ಷರ ಬಂತು ಅಂದರೆ 998. ಒಟ್ಟು 1,008 ಕೆಂಪಕ್ಷರಗಳಲ್ಲಿ ನಿಜವಾದದ್ದು 10, ಹೆಚ್ಚೂಕಡಿಮೆ ನೂರಕ್ಕೆ ಒಂದು. ಈ 20, ಅರ್ಧ, ಹತ್ತು ಎಲ್ಲ ನಾವು ಲೆಕ್ಕಕ್ಕೆ ಹಿಡಿದ ಅಂಕಿಗಳು. ನೀವು ಬೇರೆ ಹಾಕಿ ನೋಡಿ, ಕಾಯಿಲೆ ಅಪರೂಪವಾಗಿರುವವರೆಗೆ ಕತೆ ಬದಲಾಗಲ್ಲ. ಬೇಯ್ಸ್ ಪ್ರಮೇಯವನ್ನ ನಾವು ಮೂರನೇ ಸೆಮಿಸ್ಟರಿನಲ್ಲಿ ಚೀಲದಿಂದ ಕೆಂಪು ಚೆಂಡು, ನೀಲಿ ಚೆಂಡು ತೆಗೆಯುವ ಲೆಕ್ಕ ಮಾಡಿ ಹತ್ತು ಅಂಕ ತಗೊಂಡು ಮರೆತಿದ್ವಿ. ಗೆಳೆಯನ ಅಪ್ಪನ ಹೆಸರು ಆ ಚೀಲದೊಳಗೆ ಬಿದ್ದಾಗಲೇ ಅದು ತಲೆಗೆ ಹೋಗಿದ್ದು.

ಇನ್ನೊಂದು ಸಣ್ಣ ಲೆಕ್ಕ. ಹೆಚ್ಚಿನ ಲ್ಯಾಬ್ ಮಿತಿಗಳನ್ನ ಆರೋಗ್ಯವಂತರಲ್ಲಿ ಶೇ. 95 ಜನ ಒಳಗೆ ಬರುವ ಹಾಗೆ ಇಟ್ಟಿರ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದ ಆರೋಗ್ಯವಂತನಿಗೆ ಒಂದಾದರೂ ಕೆಂಪಕ್ಷರ ಬರುವ ಸಂಭವ ಎಷ್ಟು? 0.95ರ 20ನೇ ಘಾತವನ್ನ 1ರಿಂದ ಕಳೆಯಿರಿ: ಶೇ. 64. ಪ್ಯಾಕೇಜು ದೊಡ್ಡದಾದಷ್ಟೂ ಕೆಂಪು ಖಾತ್ರಿ.

ಹಾಗಾದರೆ ಮೊದಲೇ ಹಿಡಿಯೋಕೆ ಯಾವ ಪ್ರೊಟೀನೂ ಇಲ್ಲವೇ? ಇದೆ, ಮತ್ತು ಅದರ ಹೆಸರು ಕೇಳಿ ನಾವು ನಕ್ಕೇಬಿಟ್ವಿ: ಹಿಮೋಗ್ಲೋಬಿನ್. ಗಡ್ಡೆಗಳೂ ದೊಡ್ಡ ಪಾಲಿಪ್ಪುಗಳೂ ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತವೆ. ಮಲದಲ್ಲಿ ಮನುಷ್ಯನ ಹಿಮೋಗ್ಲೋಬಿನ್ನನ್ನ ಪ್ರತಿಕಾಯದಿಂದ ಹಿಡಿಯುವ ಪರೀಕ್ಷೆಗೆ ಫಿಟ್ ಅಂತ ಹೆಸರು. ಮೇಲಿನ ಹೊಟ್ಟೆಯಲ್ಲಿ ಸೋರಿದ ರಕ್ತದ ಗ್ಲೋಬಿನ್ ಕೆಳಗೆ ಬರುವಷ್ಟರಲ್ಲಿ ಜೀರ್ಣವಾಗಿರುತ್ತೆ, ಹಾಗಾಗಿ ಸಿಕ್ಕಿದ್ದು ಬಹುಪಾಲು ದೊಡ್ಡ ಕರುಳಿನದೇ. ಹಲವು ಅಧ್ಯಯನಗಳನ್ನ ಒಟ್ಟು ಸೇರಿಸಿದ 2014ರ ವಿಶ್ಲೇಷಣೆಯ ಪ್ರಕಾರ ಇದು ಕ್ಯಾನ್ಸರ್ ಇರುವವರಲ್ಲಿ ಶೇ. 79 ಜನರನ್ನ ಹಿಡಿಯುತ್ತೆ, ಇಲ್ಲದವರಲ್ಲಿ ಶೇ. 94 ಜನರನ್ನ ಸುಮ್ಮನೆ ಬಿಡುತ್ತೆ. ಗಡ್ಡೆಯ ‘ವಿಶೇಷ’ ಪ್ರೊಟೀನಿಗಾಗಿ ದಶಕಗಟ್ಟಲೆ ಹುಡುಕಾಟ ನಡೆದಿದೆ, ಆದರೆ ಹೆಚ್ಚು ಉಪಯೋಗಕ್ಕೆ ಬಂದದ್ದು ಗಡ್ಡೆಗೆ ಸೇರದ ಪ್ರೊಟೀನು, ಸರಿಯಾದ ಜಾಗದಲ್ಲಿ ಹುಡುಕಿದ್ದಕ್ಕೆ. ಪಾಸಿಟಿವ್ ಬಂದರೆ ಮುಂದಿನದು ಕೊಲೊನೋಸ್ಕೋಪಿ. ಅಲ್ಲಿ ಪಾಲಿಪ್ ಸಿಕ್ಕರೆ ಅದೇ ಹೊತ್ತಿನಲ್ಲಿ ತೆಗೆಯಬಹುದು.

ಗಡ್ಡೆ ಕೈಗೆ ಸಿಕ್ಕ ಮೇಲೆ ಬೇರೆ ತರದ ಗುರುತುಗಳ ಕೆಲಸ ಶುರುವಾಗುತ್ತೆ. ಅವು ರಕ್ತದವಲ್ಲ, ಅಂಗಾಂಶದವು. ಕೆಐ-67 ಅನ್ನೋದು ಒಡೆಯುತ್ತಿರುವ ಕೋಶಗಳನ್ನ ತೋರಿಸುತ್ತೆ. ಈ ಹೆಸರಿನಲ್ಲಿ ಏನೋ ಗಹನವಾದ ಅರ್ಥ ಇದೆ ಅಂದುಕೊಂಡಿದ್ವಿ. ಜರ್ಮನಿಯ ಕೀಲ್ ಊರಿನ ಮೊದಲೆರಡು ಅಕ್ಷರ, ಲ್ಯಾಬಿನ 96 ಗುಳಿಯ ತಟ್ಟೆಯಲ್ಲಿ ಅದರ ಕ್ಲೋನಿನ ಸಂಖ್ಯೆ 67, ಅಷ್ಟೆ.

ಇವೆಲ್ಲಕ್ಕಿಂತ ನಮ್ಮನ್ನ ಹಿಡಿದು ನಿಲ್ಲಿಸಿದ್ದು ನಾಲ್ಕು ರಿಪೇರಿ ಪ್ರೊಟೀನುಗಳು: ಎಂಎಲ್ಎಚ್1, ಪಿಎಂಎಸ್2, ಎಂಎಸ್ಎಚ್2, ಎಂಎಸ್ಎಚ್6. ಡಿಎನ್ಎ ನಕಲಾಗುವಾಗ ಆಗುವ ಅಕ್ಷರತಪ್ಪುಗಳನ್ನ ತಿದ್ದುವ ಪ್ರೂಫ್ ರೀಡರುಗಳು. ಇಲ್ಲಿ ಇರುವಿಕೆಯಲ್ಲ, ಇಲ್ಲದಿರುವಿಕೆಯೇ ಗುರುತು. ಇವು ಜೋಡಿಯಾಗಿ ಬದುಕ್ತವೆ. ಎಂಎಲ್ಎಚ್1 ಹೋದರೆ ಅದರ ಜೋಡಿ ಪಿಎಂಎಸ್2 ಕೂಡ ಉಳಿಯಲ್ಲ. ಎಂಎಸ್ಎಚ್2 ಹೋದರೆ ಎಂಎಸ್ಎಚ್6 ಕೂಡ ಹೋಗುತ್ತೆ. ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇ. 15ರಲ್ಲಿ ಈ ರಿಪೇರಿ ಕೆಟ್ಟಿರುತ್ತೆ. ಬಹಳಷ್ಟು ಸಲ ಅದು ಆ ಗಡ್ಡೆಯಲ್ಲಿ ಮಾತ್ರ ಆದ ಕೇಡು. ಕೆಲವು ಸಲ ಅದು ಅಪ್ಪ ಅಮ್ಮನಿಂದ ಬಂದದ್ದು, ಅದಕ್ಕೆ ಲಿಂಚ್ ಸಿಂಡ್ರೋಮ್ ಅಂತಾರೆ. ಇದರ ಮೊದಲ ಸುಳಿವು ಸಿಕ್ಕಿದ್ದು 1895ರಲ್ಲಿ, ಅಮೆರಿಕದ ಮಿಶಿಗನ್ನಿನ ಆಲ್ಡ್ರೆಡ್ ವಾರ್ಥಿನ್ ಅನ್ನೋ ಪ್ಯಾಥಾಲಜಿಸ್ಟಿಗೆ, ಅವರ ಮನೆಗೆ ಬಟ್ಟೆ ಹೊಲಿದುಕೊಡುತ್ತಿದ್ದ ಹೆಂಗಸಿನಿಂದ. ‘ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆಯ, ಗರ್ಭಕೋಶದ ಕ್ಯಾನ್ಸರಿನಿಂದಲೇ ಹೋಗ್ತಾರೆ, ನಾನೂ ಹಾಗೇ ಹೋಗ್ತೀನಿ’ ಅನ್ನೋ ಅರ್ಥದ ಮಾತು ಆಕೆ ಆಡಿದ್ದಳು. ಹಾಗೇ ಆಯ್ತು ಕೂಡ. ವಾರ್ಥಿನ್ ಆ ಮನೆತನದ ವಂಶಾವಳಿ ಬರೆದಿಟ್ಟರು. ಜೀನುಗಳು ಸಿಕ್ಕಿದ್ದು ಸುಮಾರು ನೂರು ವರ್ಷ ಕಳೆದ ಮೇಲೆ.

ಈ ನಾಲ್ಕರ ಬಣ್ಣದ ಪರೀಕ್ಷೆ ಬರೀ ಹೆಸರು ಹಚ್ಚೋಕಲ್ಲ. ರಿಪೇರಿ ಕೆಟ್ಟ ಗಡ್ಡೆಯಲ್ಲಿ ತಪ್ಪುಗಳು ಎಷ್ಟು ತುಂಬಿರುತ್ತವೆ ಅಂದರೆ ದೇಹದ ರಕ್ಷಣಾ ವ್ಯವಸ್ಥೆಗೆ ಅದು ಪರಕೀಯವಾಗಿ ಕಾಣುತ್ತೆ. ಆ ರಕ್ಷಣೆಯ ಬ್ರೇಕನ್ನ ಬಿಡಿಸುವ ಔಷಧಗಳು ಇಂಥ ಗಡ್ಡೆಗಳ ಮೇಲೆ ಚೆನ್ನಾಗಿ ಕೆಲಸ ಮಾಡ್ತವೆ. ಅಮೆರಿಕದಲ್ಲಿ 2017ರಲ್ಲಿ ಪೆಂಬ್ರೊಲಿಜುಮಾಬ್ ಅನ್ನೋ ಔಷಧಕ್ಕೆ, ಗಡ್ಡೆ ಯಾವ ಅಂಗದ್ದೇ ಆಗಿರಲಿ, ಈ ಗುರುತಿದ್ದರೆ ಕೊಡಬಹುದು ಅಂತ ಅನುಮತಿ ಸಿಕ್ಕಿತು. ಅಂಗದ ಹೆಸರಿನಿಂದಲ್ಲದೆ ಗುರುತಿನಿಂದ ಔಷಧ ಒಪ್ಪಿದ್ದು ಅಲ್ಲಿ ಅದೇ ಮೊದಲು. ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ ಬಯಾಪ್ಸಿ ರಿಪೋರ್ಟಿನಲ್ಲಿ ಈ ನಾಲ್ಕು ಹೆಸರು ಇದೆಯಾ ಅಂತ ಡಾಕ್ಟರ ಹತ್ತಿರ ಕೇಳಿ. ಕೇಳೋಕೆ ಸಂಕೋಚ ಬೇಡ. ಅದು ಅಕ್ಕ, ತಮ್ಮ, ಮಕ್ಕಳಿಗೂ ಸಂಬಂಧಪಟ್ಟ ಪ್ರಶ್ನೆ.

ಸಿಇಎಗೆ ಬರೋಣ. ಇಷ್ಟೆಲ್ಲ ಬೈದ ಮೇಲೆ ಅದರ ಒಳ್ಳೆಯ ಗುಣವನ್ನೂ ಹೇಳಬೇಕಲ್ಲ. ಗಡ್ಡೆ ಇದೆ ಅಂತ ಗೊತ್ತಾಗಿ, ಆಪರೇಷನ್ ಆಗಿ, ಅದು ಮತ್ತೆ ಬರುತ್ತಾ ಅಂತ ಕಾಯುವ ದಿನಗಳಲ್ಲಿ ಸಿಇಎ ನಿಜವಾಗಿ ಕೆಲಸಕ್ಕೆ ಬರುತ್ತೆ. ರಕ್ತದಲ್ಲಿ ಅದರ ಅರ್ಧಾಯು ಸುಮಾರು 3ರಿಂದ 5 ದಿನ. ಆಪರೇಷನ್ನಿಗೆ ಮುಂಚೆ 40 ಇದ್ದು, ಗಡ್ಡೆ ಪೂರ್ತಿ ಹೋಗಿದ್ದರೆ, 5 ದಿನದ ಲೆಕ್ಕ ಹಿಡಿದರೂ ನಾಲ್ಕು ವಾರದಲ್ಲಿ ಆ ಗಡ್ಡೆಯ ಪಾಲು 1ಕ್ಕಿಂತ ಕೆಳಗಿಳಿಯಬೇಕು. ಕೆಪಾಸಿಟರ್ ಡಿಸ್ಚಾರ್ಜ್ ಆಗುವ ಅದೇ ವಕ್ರರೇಖೆ. ಇಳಿಯದಿದ್ದರೆ ಎಲ್ಲೋ ಏನೋ ಉಳಿದಿದೆ ಅಂತ ಅನುಮಾನಿಸ್ತಾರೆ. ಇಳಿದ ಮೇಲೆ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ನೋಡ್ತಾರೆ. ಈ ಕ್ಯಾನ್ಸರ್ ಮತ್ತೆ ಬಂದರೆ ಹೆಚ್ಚಾಗಿ ಲಿವರಿನಲ್ಲಿ, ಮತ್ತು ಲಿವರಿನದು ಒಂದೋ ಎರಡೋ ಗಂಟು ಇರುವಾಗಲೇ ಸಿಕ್ಕರೆ ಕೆಲವರಲ್ಲಿ ಕತ್ತರಿಸಿ ತೆಗೆಯಬಹುದು. ಕಾಯುವಿಕೆಗೆ ಅರ್ಥ ಬರೋದು ಇದರಿಂದ.

ಇಲ್ಲೂ ಒಂಟಿ ಅಂಕಿಯನ್ನ ನಂಬೋ ಹಾಗಿಲ್ಲ. 2015ರ ಕಾಕ್ರೇನ್ ಪರಿಶೀಲನೆಯ ಪ್ರಕಾರ ಮಿತಿ 5 ಇಟ್ಟರೆ ಮರುಕಳಿಸಿದವರಲ್ಲಿ ಶೇ. 71 ಜನ ಸಿಗ್ತಾರೆ, ಮರುಕಳಿಸದವರಲ್ಲಿ ಶೇ. 88 ಜನ ಸುರಕ್ಷಿತವಾಗಿ ಹೊರಗುಳಿಯುತ್ತಾರೆ. ಮಿತಿ 10 ಇಟ್ಟರೆ ಅದೇ 68 ಮತ್ತು 97. ಒಂದು ಸುತ್ತಿನ ತಪಾಸಣೆಗೆ 1,000 ಜನ ಬಂದು ಅವರಲ್ಲಿ 20 ಜನಕ್ಕೆ ಮರುಕಳಿಸಿದೆ ಅಂದುಕೊಂಡರೆ, ಮಿತಿ 5ರಲ್ಲಿ 14 ಜನ ಸಿಕ್ಕಿ 118 ಜನಕ್ಕೆ ಸುಳ್ಳು ಗಾಬರಿ. ಮಿತಿ 10ರಲ್ಲಿ ಹೆಚ್ಚೂಕಡಿಮೆ ಅದೇ 14, ಸುಳ್ಳು ಗಾಬರಿ 29. ಎರಡರಲ್ಲೂ ಆರು ಜನ ತಪ್ಪಿಹೋಗ್ತಾರೆ. ಮಿತಿಯ ಗೆರೆಯನ್ನ ಎಲ್ಲಿಟ್ಟರೂ ಯಾರೋ ಒಬ್ಬರು ಆಚೆ ಬೀಳ್ತಾರೆ. ಬ್ರಿಟನ್ನಿನಲ್ಲಿ 1,202 ಜನರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕನಿಷ್ಠ ತಪಾಸಣೆಯವರಲ್ಲಿ ಶೇ. 2.3 ಜನಕ್ಕೆ, ಸಿಇಎ ತಪಾಸಣೆಯವರಲ್ಲಿ ಶೇ. 6.7 ಜನಕ್ಕೆ ಗುಣವಾಗುವ ಆಸೆಯಿಂದ ಎರಡನೇ ಆಪರೇಷನ್ ಮಾಡೋಕೆ ಸಾಧ್ಯವಾಯ್ತು. ಆದರೆ ಒಟ್ಟು ಬದುಕುಳಿದವರ ಸಂಖ್ಯೆಯಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಈ ಎರಡು ವಾಕ್ಯವನ್ನೂ ಒಟ್ಟಿಗೇ ಓದಬೇಕು.

ನಾವು ಬೋರ್ಡಿನ ಮೇಲೆ ಎರಡು ಸಾಲು ಅಂಕಿ ಬರೆದ್ವಿ, ಎರಡೂ ಕಲ್ಪನೆಯವು, ಮೂರು ತಿಂಗಳಿಗೊಮ್ಮೆ ಅಳೆದದ್ದು. ಒಬ್ಬರದು 6.8, 6.4, 6.9, 6.6. ನಾಲ್ಕೂ ಕೆಂಪು. ಆಪರೇಷನ್ ಆದ ಇನ್ನೊಬ್ಬರದು 1.4, 1.9, 2.8, 4.1. ನಾಲ್ಕೂ ಕಪ್ಪು, ಲ್ಯಾಬಿನ ಕಂಪ್ಯೂಟರು ತುಟಿ ಬಿಚ್ಚಲ್ಲ. ಎರಡನೆಯದರ ಲಾಗರಿದಮ್ ತೆಗೆದು ಗ್ರಾಫ್ ಹಾಕಿ ನೋಡಿ, ಸುಮಾರಾಗಿ ನೇರ ಗೆರೆ. ಆರು ತಿಂಗಳಿಗೊಮ್ಮೆ ದುಪ್ಪಟ್ಟಾಗುತ್ತಿದೆ, ಅಂದರೆ ಒಳಗೆ ಏನೋ ಘಾತೀಯವಾಗಿ ಬೆಳೀತಿದೆ ಅನ್ನೋ ಅನುಮಾನಕ್ಕೆ ದಾರಿ. ಡಾಕ್ಟರು ಸ್ಕ್ಯಾನ್ ಮಾಡಿಸಿ ಅನ್ನಬೇಕಾದ್ದು ಈ ಕಪ್ಪಕ್ಷರದವರಿಗೆ. ಇನ್ನೊಂದು ಮಾತು: ಬೇರೆ ಬೇರೆ ಕಂಪನಿಯ ಕಿಟ್ಟುಗಳು ಒಂದೇ ರಕ್ತಕ್ಕೆ ಬೇರೆ ಬೇರೆ ಅಂಕಿ ಕೊಡಬಹುದು. ಪ್ರತಿ ಸಲ ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಮಾಡಿಸದಿದ್ದರೆ ಇಳಿಜಾರು ಲೆಕ್ಕ ಹಾಕಿ ಪ್ರಯೋಜನವಿಲ್ಲ. ಹಳೇ ರಿಪೋರ್ಟುಗಳನ್ನ ಎಸೆಯದೆ ಒಂದು ಫೈಲಿನಲ್ಲಿ ಇಡೋದು ಇದಕ್ಕೇ.

ಗೆಳೆಯನ ಅಪ್ಪನ ಕತೆ ಏನಾಯ್ತು ಅಂತ ಕೇಳ್ತೀರಲ್ಲ. ಅವರಿಗೆ 56 ವರ್ಷ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ರಿಪೋರ್ಟನ್ನ ಎತ್ತಿ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, “ಬೀಡಿ ಎಷ್ಟು ಕಟ್ಟು ಸೇದ್ತೀರ ಯಜಮಾನ್ರೇ?” ಅಂತ. ಆಮೇಲೆ ತೂಕ ಇಳಿದಿದೆಯಾ, ಮಲದಲ್ಲಿ ರಕ್ತ ಕಂಡಿದೆಯಾ, ಹೊಟ್ಟೆ ಕಟ್ಟುವ ರೀತಿ ಬದಲಾಗಿದೆಯಾ, ಮನೆಯಲ್ಲಿ ಯಾರಿಗಾದರೂ ಇತ್ತಾ. ಯಾವುದೂ ಇರಲಿಲ್ಲ. ಸಿಇಎಯನ್ನ ಕೆಲವು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸೋಣ, ವಯಸ್ಸಾಗಿದೆ, ಹೇಗೂ ಒಂದು ಕೊಲೊನೋಸ್ಕೋಪಿ ಆಗಲಿ ಅಂತ ಜಿಲ್ಲಾ ಕೇಂದ್ರಕ್ಕೆ ಬರೆದುಕೊಟ್ಟರು. ಕ್ಯಾನ್ಸರ್ ಇರಲಿಲ್ಲ. ಆರು ಮಿಲಿಮೀಟರಿನ ಒಂದು ಅಡೆನೋಮ ಸಿಕ್ಕಿತು, ಅಲ್ಲೇ ತೆಗೆದರು.

ಈಗ ಅವರ ಮನೆಯಲ್ಲಿ ಎಲ್ಲರದೂ ಒಂದೇ ಮಾತು, ಆ ಟೆಸ್ಟ್ ಮಾಡಿಸಿದ್ದಕ್ಕೇ ಬಚಾವಾದ್ವಿ ಅಂತ. ಆರು ಮಿಲಿಮೀಟರಿನ ಪಾಲಿಪ್ಪಿಗೂ 6.8ಕ್ಕೂ ಸಂಬಂಧವಿಲ್ಲ ಅಂತ ನಾವು ಮೂವರು ವಾದಿಸ್ತೀವಿ. ಆ ಕೆಂಪಕ್ಷರ ಬರದಿದ್ದರೆ ಅಪ್ಪ ಜನ್ಮದಲ್ಲಿ ಕೊಲೊನೋಸ್ಕೋಪಿಗೆ ಹೋಗ್ತಿರಲಿಲ್ಲ ಅಂತ ಗೆಳೆಯ ಹೇಳ್ತಾನೆ. ಅದನ್ನೂ ಇಲ್ಲ ಅನ್ನೋಕಾಗಲ್ಲ. ಈ ಜಗಳ ಮೆಸ್ಸಿನಲ್ಲಿ ಇನ್ನೂ ಮುಗಿದಿಲ್ಲ.

ಎರಡನೇ ಸಲದ ಸಿಇಎ 6.5 ಬಂದಿದೆ. ಬೀಡಿ ದಿನಕ್ಕೆ ಅರ್ಧ ಕಟ್ಟಿಗೆ ಇಳಿದಿದೆ ಅಂತ ಅಪ್ಪ ಫೋನಿನಲ್ಲಿ ಹೇಳ್ತಾರೆ. ಅಮ್ಮ ಹಿಂದಿನಿಂದ “ಸುಳ್ಳು” ಅಂತಾರೆ.